ಹಸಿ ತೂಕ

ವಿರಾಜಪೇಟೆಯ ಗಡಿಯಾರ ಕಂಬದ ಹಿಂದಿನ ಸಂದಿಯಲ್ಲಿ
ಕಣ್ಣನಾಚಾರಿಯ ಅಂಗಡಿ. ಒಂದು ಬೆಂಚು, ಒಂದು ಕುಲುಮೆ,
ಗಾಜಿನ ಪೆಟ್ಟಿಗೆಯೊಳಗೆ ಉಸಿರು ತಾಗದ ತಕ್ಕಡಿ.
ಬೊಳ್ಳವ್ವ ಚಿಕ್ಕಮ್ಮನ ಜೋಮಾಲೆಯನ್ನು ಅದರಲ್ಲಿಟ್ಟೆವು
ನಾನೂ ಲೀಲೆಯೂ.
ನಲವತ್ತಾರು ಗ್ರಾಂ.
ಇದು ಹಸಿ ತೂಕ, ಅಂದೆ. ಬಾಯಿಗೆ ಬಿದ್ದ ಅಭ್ಯಾಸ.

ಇಪ್ಪತ್ತೇಳು ವರ್ಷ ಬಯಲುಸೀಮೆಯ ತಾಮ್ರದ ಗಣಿಯಲ್ಲಿ
ನಾನು ಒಡೆದವಳಲ್ಲ, ಕಳೆದವಳು.
ಅರೆದು, ತೊಳೆದು, ನೊರೆಯಲ್ಲಿ ತೇಲಿಸಿ ಹಿಡಿದ
ಹಸಿರುಗಪ್ಪು ಪುಡಿ ಲಾರಿಗೆ ಬೀಳುವಾಗ
ನನ್ನ ಮೇಜಿನ ಮೇಲೊಂದು ಕಾಗದ ಹುಟ್ಟುತ್ತಿತ್ತು.
ನೂರು ಟನ್ನು ಹೊರಟಿತೆನ್ನಿ.
ಎಂಟು ಟನ್ನು ಬರೀ ನೀರು. ನೀರಿಗೆ ಯಾರೂ ದುಡ್ಡು ಕೊಡರು,
ಲಾರಿಯವನು ಮಾತ್ರ ಅದಕ್ಕೂ ಬಾಡಿಗೆ ಹಿಡಿಯುತ್ತಾನೆ.
ಉಳಿದ ತೊಂಬತ್ತೆರಡರಲ್ಲಿ ತಾಮ್ರ ನೂರಕ್ಕೆ ಇಪ್ಪತ್ನಾಲ್ಕು;
ಕರಗಿಸುವವನು ಇಪ್ಪತ್ಮೂರಕ್ಕೇ ಲೆಕ್ಕ ಕಟ್ಟುತ್ತಾನೆ,
ಒಂದು ಅವನ ಕಿಟ್ಟಕ್ಕೆ.
ಆಮೇಲೆ ಬೆಂಕಿಯ ಕೂಲಿ, ಶುದ್ಧಿಯ ಕೂಲಿ,
ಪಾಷಾಣ ಒಂದಿಷ್ಟು ಹೆಚ್ಚಿದ್ದರೆ ದಂಡ,
ದಾರಿಯಲ್ಲಿ ಗಾಳಿ ತಿಂದದ್ದು, ಹಮಾಲಿ, ವಿಮೆ.
ಪತ್ರಿಕೆಯಲ್ಲಿ ತಾಮ್ರದ ಬೆಲೆ ನೋಡಿ
ಹೊಸ ಮ್ಯಾನೇಜರು ಕುಣಿಯಹೊರಟರೆ
ಕೊನೆಯ ಸಾಲಿಗೆ ಬೆರಳು ತೋರಿಸುತ್ತಿದ್ದೆ:
ಗಣಿಯ ಗೇಟಿಗೆ ತಿರುಗಿ ಬರುವುದು ಇಷ್ಟೇ ಸಾರ್.

ಒಂದು ಸಾಲು ಇವತ್ತಿಗೂ ಚುಚ್ಚುತ್ತದೆ.
ಆ ಪುಡಿಯಲ್ಲಿ ಚಿನ್ನವಿತ್ತು.
ಟನ್ನಿಗೆ ಒಂದು ಗ್ರಾಂ ದಾಟಿದರೆ ದುಡ್ಡು, ಕರಾರು ಹಾಗಿತ್ತು.
ನಮ್ಮದು ಮುಕ್ಕಾಲು. ಯಾವಾಗಲೂ ಮುಕ್ಕಾಲು.
ಅದರ ಮುಂದೆ 'ಇಲ್ಲ' ಅಂತ ಬರೆಯಬೇಕು.
ಬರೆದೆ, ತಿಂಗಳಿಗೆರಡು ಸಲ.

ಆಚಾರಿ ದಾರ ಕತ್ತರಿಸಿದ.
ಗುಂಡುಗಳನ್ನು ಒಂದೊಂದಾಗಿ ಬಿಸಿಮಾಡಿ ಬಗಿದ.
ಒಳಗೆಲ್ಲ ಅರಗು.
ಚಿಕ್ಕಮ್ಮನ ಮದುವೆಯಷ್ಟು ಹಳೆಯದು, ಅದರ ವಾಸನೆ
ಮೇಲೆದ್ದಾಗ ನನಗೆ ಅವಳ ನೆನಪಾಗಲಿಲ್ಲ,
ಅಂಚೆ ಕಚೇರಿಯ ನೆನಪಾಯಿತು. ಏನು ಮಾಡಲಿ.
ದಾರವೂ ಅರಗೂ ಸೇರಿ ಹತ್ತೊಂಬತ್ತು ಚಿಲ್ಲರೆ,
ಮೂಸೆ ನುಂಗಿದ್ದು ಅರ್ಧ ಗ್ರಾಂ.
ಹಳೇ ಬೆಸುಗೆ ಜಾಸ್ತಿ ಅಕ್ಕಾ, ಮಟ್ಟ ಎಂಬತ್ತೇಳು, ಅಂದ.
ಲಕೋಟೆಯ ಬೆನ್ನ ಮೇಲೆ ನಾನಾಗಲೇ ತಳ ಮುಟ್ಟಿದ್ದೆ:
ಇಪ್ಪತ್ತೆರಡು ಮುಕ್ಕಾಲಿಗೆ ಕೂದಲೆಳೆ ಕಡಿಮೆ.

"ಆಚಾರೀ, ನೆಲ ಗುಡಿಸಿದ ಕಸ?"
ನಕ್ಕ. "ಅದು ಜಾಲಗಾರನ ಪಾಲು, ದೇಚಮ್ಮಕ್ಕ.
ನಿಮ್ಮ ಗಣಿಯಲ್ಲೂ ಹೀಗೇ ಅಲ್ಲವಾ?"
ಗಣಿಯಲ್ಲಿ ಪೊರಕೆ ನಮ್ಮ ಕೈಲಿರಲಿಲ್ಲ.

ಚಿಕ್ಕಮ್ಮನ ಚೀಟಿಯಲ್ಲಿದ್ದದ್ದು ಇಷ್ಟು:
ಅರ್ಧ ದೇಚುಗೆ. ಅರ್ಧ ಲೀಲೆಗೆ,
ಆರು ವರ್ಷ ನನ್ನನ್ನು ಎತ್ತಿ ಇಳಿಸಿದ್ದಕ್ಕೆ.
ಲಕೋಟೆಯನ್ನು ಲೀಲೆಯ ಕಡೆ ತಿರುಗಿಸಿದೆ.
ಅವಳು ಮೇಲಿನಿಂದ ಓದುತ್ತ ಬಂದು
ಎರಡನೆಯ ಸಾಲಿನಲ್ಲಿ ಉಗುರು ಊರಿದಳು.
"ಈ ಅರಗು ಯಾರಿಗೆ?"
"ಯಾರಿಗೂ ಅಲ್ಲ. ಅದು ಕಳೆದದ್ದು."
"ಹಾಗಾದ್ರೆ ನಂಗಿರಲಿ. ಕತ್ತಿಯ ಹಿಡಿ ಸಡಿಲಾಗಿದೆ."
ಆಚಾರಿ ತಟ್ಟೆ ಬಗ್ಗಿಸಿದ.
ಕರಿ ಚೂರುಗಳೆಲ್ಲ ಅವಳ ಎಲೆಯಡಿಕೆ ಡಬ್ಬಿಗೆ
ಸದ್ದು ಮಾಡುತ್ತ ಬಿದ್ದವು.
ದಂಡದ ಸರಕನ್ನು ಕೇಳಿ ಪಡೆದವರನ್ನು
ನಾನು ನೋಡಿದ್ದು ಅದೇ ಮೊದಲು.

ವಾರ ಬಿಟ್ಟು ಅವಳ ಮನೆಗೆ ಹೋದಾಗ
ಅಂಗಳದಲ್ಲಿ ಕೂತು ಹಲಸು ಸೀಳುತ್ತಿದ್ದಳು.
ಹಿಡಿ ಗಟ್ಟಿ ಕೂತಿದೆ, ನೋಡಿ, ಎಂದು
ಅಂಟುಗೈಯಲ್ಲೇ ಕತ್ತಿ ಚಾಚಿದಳು.
ಕಬ್ಬಿಣ ಮರಕ್ಕೆ ಇಳಿಯುವಲ್ಲಿ, ಅರಗಿನ ಅಂಚಿಗೆ,
ಆಚಾರಿಯ ಕಣ್ಣು ತಪ್ಪಿಸಿ ಬಂದ ಒಂದು ಚೂರು ತಗಡು
ಹಳದಿಯಾಗಿ ಹೊಳೆಯುತ್ತಿತ್ತು.
ಮುಕ್ಕಾಲು ಗ್ರಾಂ ಇರಲಾರದು.
ಕತ್ತಿ ತಿರುಗಿಸಿ ಕೊಟ್ಟೆ,
ತೊಳೆ ಬಿಡಿಸಲು ಕೂತೆ.